ಗಸಗಸೆಯಷ್ಟು, ಸಾಸಿವೆಯಷ್ಟು

ಮೂಡುಬಿದಿರೆ
೧೬-೦೨-೨೦೨೫, ಆದಿತ್ಯವಾರ

ಮೋಕ್ಷಿಯ ಅಪ್ಪನಿಗೆ ರಾಜೀವಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಈಗ ಹೇಗಿದೆ? ಮೈದಾದ ಧೂಳು ಎದೆಗೆ ಆಗುವುದಿಲ್ಲ ಎಂದು ಅಲ್ಲಿಯ ಡಾಕ್ಟರರು ಹೇಳಿ ತಿಂಗಳಾಯಿತು. ನೀವು ಇನ್ನೂ ಮುಖಕ್ಕೆ ಬಟ್ಟೆ ಕಟ್ಟದೆ ಕುಬ್ಬೂಸ್ ರೊಟ್ಟಿಯ ಯಂತ್ರದ ಎದುರು ನಿಲ್ಲುತ್ತೀರಿ ಎಂಬುದು ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಶುಕ್ರವಾರ ಫೋನಿನಲ್ಲಿ ಮಾತಿಗೆ ಎರಡು ಸಲ ಕೆಮ್ಮಿದಿರಿ. ಇದರೊಂದಿಗೆ ಕಷಾಯದ ಪುಡಿ ಕಳಿಸಿದ್ದೇನೆ. ಕೊತ್ತಂಬರಿ, ಜೀರಿಗೆ ಹಾಕಿ, ಕರಿಮೆಣಸು ಸ್ವಲ್ಪ ಹೆಚ್ಚೇ ಹಾಕಿದ್ದೇನೆ. ಹಾಲು ಬೆರೆಸದೆ ಕುಡಿಯಿರಿ. ನನಗೆ ಆರೋಗ್ಯ ಇದೆ. ಸೊಂಟ ನೋಯುತ್ತದೆ, ಅದು ಬೀಡಿ ಕಟ್ಟುತ್ತಿದ್ದ ಕಾಲದಿಂದ ಬಂದದ್ದು, ಹೊಸತಲ್ಲ. ಊಟ ಮಾಡುತ್ತೇನೆ. ಮಾಡುತ್ತೇನೆ ಎಂದರೆ ಮಾಡುತ್ತೇನೆ, ಪ್ರತಿ ಸಲ ಕೇಳಿ ಕೇಳಿ ನನ್ನಿಂದ ಸುಳ್ಳು ಹೇಳಿಸಬೇಡಿ.

ನಿಮಗೆ ಕಾಗದ ಬರೆಯದೆ ಹನ್ನೊಂದು ವರ್ಷವಾಗಿರಬೇಕು. ದಿನಾ ಡೈರಿ ಬರೆಯುವ ಅಭ್ಯಾಸವೊಂದು ಇಲ್ಲದಿದ್ದರೆ ಅಕ್ಷರವೂ ಮರೆತುಹೋಗುತ್ತಿತ್ತು. ಈಗ ಬರೆಯುತ್ತಿರುವುದು ಫೋನಿನಲ್ಲಿ ಹೇಳಲಾಗದ ಮಾತು ಎಂಬ ಕಾರಣಕ್ಕೆ. ನಿಮ್ಮ ಕೋಣೆಯಲ್ಲಿ ಆರು ಜನ ಮಲಗುತ್ತಾರೆ, ನೀವು ಸ್ಪೀಕರ್ ಹಾಕದೆ ಮಾತಾಡಿದ್ದೇ ಇಲ್ಲ. ಫರಂಗಿಪೇಟೆಯ ಅಬ್ದುಲ್ ರವೂಫ್ ಬುಧವಾರ ಶಾರ್ಜಾಕ್ಕೆ ಹೊರಡುತ್ತಾರೆ. ನನ್ನ ತವರಿನ ಬೇಲಿಯ ಆಚೆ ಮನೆಯವರಲ್ಲವೆ, ಕೇಳಿದ ಕೂಡಲೇ ಒಪ್ಪಿಕೊಂಡರು. "ಉಪ್ಪಿನಕಾಯಿ ಮಾತ್ರ ಬೇಡ ರಾಜೀವಕ್ಕ, ಹೋದ ಸಲ ಬಾಟ್ಲಿ ಒಡೆದು ನಾನು ಮೂರು ತಿಂಗಳು ಮಾವಿನಮಿಡಿ ವಾಸನೆಯ ಅಂಗಿ ಹಾಕಿದ್ದೇನೆ. ಕಾಗದ ಆದರೆ ಹತ್ತು ಕೊಡಿ" ಎಂದರು. ಅವರ ಹೆಂಡತಿ ಶಹರ್ಬಾನು ಇಲ್ಲಿ ತಂಗಿಯ ಮನೆಗೆ ಬಂದಿದ್ದಾರೆ, ಇವತ್ತು ಮಧ್ಯಾಹ್ನ ಹೋಗುವಾಗ ಈ ಕಟ್ಟನ್ನು ತೆಗೆದುಕೊಂಡು ಹೋಗುತ್ತಾರೆ.

ನೀವು ಏಪ್ರಿಲಿಗೆ ರಜೆ ಕೇಳಿದ್ದೀರಿ. ಘಟಿಕೋತ್ಸವಕ್ಕೆಂದು ಬಿಳಿ ಅಂಗಿ ತೆಗೆದಿಟ್ಟಿದ್ದೀರಿ. ಮಗಳ ಪಿಎಚ್.ಡಿ.ಯನ್ನು ಅವಳ ಪರವಾಗಿ ನಾವಿಬ್ಬರೂ ವೇದಿಕೆ ಹತ್ತಿ ತೆಗೆದುಕೊಳ್ಳುವುದೆಂದು ಕೋಣೆಯವರಿಗೆಲ್ಲ ಹೇಳಿದ್ದೀರಿ. ಶುಕ್ರವಾರ ನೀವು ಅಂಗಿಯ ಕಾಲರಿನ ವಿಷಯ ಮಾತಾಡುತ್ತಿದ್ದಾಗ ನಾನು ಹ್ಞೂಂ ಎಂದೆ. ಹ್ಞೂಂ ಎನ್ನಬಾರದಿತ್ತು. ಮೋಕ್ಷಿಗೆ ಆ ಡಿಗ್ರಿ ಸಿಗುವುದಿಲ್ಲ. ಈ ಏಪ್ರಿಲಿಗೂ ಇಲ್ಲ, ಮುಂದೆಯೂ ಇಲ್ಲ. ಅದು ನನ್ನ ಕೈಯಿಂದ ಹೋಯಿತು. ಹೇಗೆ ಹೋಯಿತೆಂದು ಮೊದಲಿನಿಂದ ಬರೆಯುತ್ತೇನೆ, ನಡುವೆ ಬಿಟ್ಟು ಎದ್ದು ಹೋಗದೆ ಓದಿ.

ಮೋಕ್ಷಿಯ ಉತ್ತರಕ್ರಿಯೆಯ, ಬೊಜ್ಜದ ಮರುದಿನ ಕಕ್ಕಿಂಜೆಯಲ್ಲಿ ನಿಮ್ಮ ಅಕ್ಕ ಲೋಲಾಕ್ಷಿ ಮಾತು ತೆಗೆದದ್ದು ನಿಮಗೆ ನೆನಪಿರಬಹುದು. ಎಲೆಗೆ ಸುಣ್ಣ ಹಚ್ಚುತ್ತಾ, ಸಂತೆಯ ಸುದ್ದಿ ಹೇಳುವ ಹಾಗೆ ಹೇಳಿದರು: "ಮದುವೆ ಆಗದೆ ಹೋದ ಹುಡುಗಿ. ಬರುವ ಆಟಿ ತಿಂಗಳಿಗೆ ಒಂದು ವರ್ಷ ಆಗ್ತದೆ. ನೆರಿಯದ ಕಡೆ ಒಬ್ಬ ಹುಡುಗ ಬೈಕಿನಲ್ಲಿ ಹೋದವನು ಇದ್ದಾನಂತೆ, ಮನೆ ಒಳ್ಳೆಯದು. ಇಬ್ಬರದ್ದೂ ಮದುವೆ ಮಾಡಿಬಿಡುವ, ಅವಳಿಗೂ ಸಮಾಧಾನ ಆಗ್ಲಿ." ತೀರಿಹೋದ ಇಬ್ಬರಿಗೆ ಸೀರೆ, ಧೋತಿ ಇಟ್ಟು, ಮಲ್ಲಿಗೆ ಇಟ್ಟು, ಎರಡು ಮನೆಯವರು ಕೂತು ಮದುವೆ ಮಾಡುವುದು ನಮ್ಮಲ್ಲಿ ಹೊಸತಲ್ಲ. ನನಗೆ ಅದರಲ್ಲಿ ಬೇಸರವೂ ಇರಲಿಲ್ಲ. ನೀವೇ ತಲೆಯೆತ್ತಿ ಹೇಳಿದಿರಿ: "ಅಕ್ಕಾ, ಅವಳು ಗಂಡನನ್ನು ಕೇಳಿದವಳಲ್ಲ. ಹೆಸರಿನ ಎದುರು ಡಾಕ್ಟರ್ ಅಂತ ಕೇಳಿದ್ದಳು. ಅದನ್ನೇ ಕೊಡುವ." ಅಕ್ಕನಿಗೆ ಸಿಟ್ಟು ಬಂತು. "ಸತ್ತವರಿಗೆ ಸರ್ಟಿಫಿಕೇಟು, ಗೋಡೆಗೆ ಹೊಡೆದು ನೋಡ್ತಾ ಕೂರಿ ಗಂಡ ಹೆಂಡತಿ" ಎಂದು ಒಳಗೆ ಹೋದರು. ಅವತ್ತು ನೀವು ಆಡಿದ ಆ ಒಂದು ಮಾತನ್ನು ಹಿಡಿದುಕೊಂಡು ನಾನು ಇಷ್ಟು ತಿಂಗಳು ನಡೆದಾಡಿದ್ದೇನೆ.

ಅವಳ ಗೈಡ್ ಸ್ವರ್ಣಲತಾ ಮೇಡಂ ಓಡಾಡಿ ಯೂನಿವರ್ಸಿಟಿಯಿಂದ ಉತ್ತರ ತಂದರು. ಥೀಸಿಸ್ ಬರೆದು ಮುಗಿದಿದೆ, ಅವಳ ಲೇಖನವೊಂದು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾದರೆ ತೀರಿಹೋದವಳಿಗೂ ಡಿಗ್ರಿ ಕೊಡಬಹುದು ಎಂದಿತ್ತು. ಲೇಖನವೂ ಆಗಲೇ ಹೋಗಿತ್ತು. ಪತ್ರಿಕೆಯವರು ಒಂದೇ ಒಂದು ಪ್ರಯೋಗವನ್ನು ಇನ್ನೊಮ್ಮೆ ಮಾಡಿ ತೋರಿಸಿ, ಮಾರ್ಚ್ ಮೂವತ್ತೊಂದರ ಒಳಗೆ ಕಳಿಸಿ ಎಂದರು. ಒಂದೇ ಒಂದು. ಅದಕ್ಕೆ ಬೇಕಾದದ್ದು ಅವಳು ಸಾಕಿದ ಆ ಯೀಸ್ಟು.

ಅವಳ ಕೆಲಸ ಏನೆಂದು ನೀವು ಎಷ್ಟೋ ಸಲ ಕೇಳಿದ್ದೀರಿ, ಅವಳು ಎಷ್ಟೋ ಸಲ ಹೇಳಿದ್ದಾಳೆ, ನೀವು ಪ್ರತಿ ಸಲ "ಯೀಸ್ಟ್ ನನಗೆ ಹೇಳಿಕೊಡ್ತೀಯಾ" ಎಂದು ನಕ್ಕಿದ್ದೀರಿ. ಅವಳ ತಮಾಷೆ ಬೇರೆ: "ನನ್ನದೂ ಅಪ್ಪನದ್ದೂ ಒಂದೇ ಕಸುಬು. ಅಪ್ಪ ದಿನಕ್ಕೆ ಕೋಟಿಗಟ್ಟಲೆ ಸುಟ್ಟು ಹಾಕ್ತಾರೆ, ನಾನು ನಾಲ್ಕು ಸಾಕ್ತೇನೆ." ನನಗೆ ಅವಳು ವಿವರಿಸಿದ್ದು ಬೀಡಿಯ ಲೆಕ್ಕದಲ್ಲಿ. ಅದನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೆ, ನೋಡಿ ಬರೆಯುತ್ತೇನೆ. ಕಣ್ಣಿಗೆ ಕಾಣದ ಒಂದು ಕಣದ ಒಳಗೆ ಉದ್ದದ ನೂಲು ಇದೆ. ಜೀವದ ಬುದ್ಧಿಯೆಲ್ಲ ಆ ನೂಲಿನಲ್ಲಿ ಬರೆದಿದೆ. ಹಾಗೇ ಬಿಟ್ಟರೆ ಸಿಕ್ಕಾಗುತ್ತದೆಂದು ಸಣ್ಣ ಸಣ್ಣ ಉಂಡೆಗಳಿಗೆ ಸುತ್ತಿ ಇಟ್ಟಿರುತ್ತದೆ. ಉಂಡೆಗೆ ಹಿಸ್ಟೋನ್ ಎಂದು ಹೆಸರು. ನೂಲು, ಉಂಡೆ ಎರಡೂ ಸೇರಿದ ಕಟ್ಟಿಗೆ ಕ್ರೊಮಾಟಿನ್. ಬಿಗಿಯಾಗಿ ಸುತ್ತಿದ್ದನ್ನು ಓದಲಿಕ್ಕೆ ಆಗುವುದಿಲ್ಲ, ಸಡಿಲ ಬಿಟ್ಟದ್ದನ್ನು ಮಾತ್ರ ಜೀವ ಓದುತ್ತದೆ. ಕಣ ಎರಡಾಗುವಾಗ ನೂಲೂ ಎರಡಾಗುತ್ತದೆ, ಆಗ ಉಂಡೆಯೂ ಹೆಚ್ಚು ಬೇಕು. ಬೀಡಿಯ ಬ್ರಾಂಚಿನಲ್ಲಿ ಎಲೆಗೆ ತಕ್ಕಷ್ಟೇ ಹೊಗೆಸೊಪ್ಪು ತೂಗಿ ಕೊಡುತ್ತಾರಲ್ಲ, ಹಾಗೆ. ಕಡಿಮೆಯಾದರೆ ನೂಲು ಸಿಕ್ಕು, ಹೆಚ್ಚಾದರೆ ಉಂಡೆಯೇ ವಿಷ. ಈಗ ಉಂಡೆ ಮಾಡಿ ಎಂದು ಹೊತ್ತು ನೋಡಿ ಹೇಳುವ ಒಬ್ಬ ಮೇಸ್ತ್ರಿ ಒಳಗಿದ್ದಾನೆ. ಆ ಜೀನಿನ ಹೆಸರು ಎಸ್‌ಪಿಟಿ ಟೆನ್. "ನಾನು ಆ ಮೇಸ್ತ್ರಿಯ ಒಂದು ಹಲ್ಲು ಕಿತ್ತಿದ್ದೇನೆ ಅಮ್ಮಾ. ಒಂದೇ ಹಲ್ಲು. ಆ ಜಾಗದ್ದು ಲೋಕದಲ್ಲಿ ಬೇರೆ ಯಾರೂ ಕಿತ್ತಿಲ್ಲ. ಈಗ ಅವನು ಹೇಳಿದ್ದು ಯಾರಿಗೂ ಸರಿ ಕೇಳೂದಿಲ್ಲ, ಉಂಡೆ ಸಾಲೂದಿಲ್ಲ, ಪಾಪದ್ದು ಬೆಳೆಯೂದೇ ಇಲ್ಲ." ಹಲ್ಲಿಲ್ಲದವರ ಹಾಗೆ ಬಾಯಿ ಮಾಡಿ ತೋರಿಸಿ ನಗಿಸಿದಳು.

ಬೀಡಿ ಬಿಟ್ಟು ನಾನು ಈ ಕಾಲೇಜಿನ ಲ್ಯಾಬಿಗೆ ಅಟೆಂಡರಾಗಿ ಸೇರಿದ ಮೂರನೆಯ ವರ್ಷ ಅವಳು ಅಲ್ಲಿಗೇ ರಿಸರ್ಚಿಗೆ ಬಂದದ್ದು. ಉಳಿದವರ ಗ್ಲಾಸುಗಳನ್ನು ನಾನು ತೊಳೆಯುತ್ತಿದ್ದೆ, ತನ್ನದನ್ನು ಮಾತ್ರ ಅವಳು ಮುಟ್ಟಲು ಬಿಡುತ್ತಿರಲಿಲ್ಲ. ಎಲ್ಲರೆದುರು "ಅಮ್ಮಾ" ಎಂದೇ ಕರೆಯುತ್ತಿದ್ದಳು. ಈಗ ಅವಳ ಮೇಜಿನ ಮೇಲೆ ಪದವಿ ಮಕ್ಕಳ ರೆಕಾರ್ಡ್ ಪುಸ್ತಕಗಳನ್ನು ಅಡಕಿದ್ದಾರೆ. ಬೆಳಿಗ್ಗೆ ಒರೆಸುವಾಗ ಆ ಪುಸ್ತಕಗಳನ್ನು ಎತ್ತಿ ಅಡಿಯಲ್ಲೂ ಒರೆಸುತ್ತೇನೆ.

ಇಲಿಜ್ವರ ಎಂದು ಗೊತ್ತಾಗಿ ಮಂಗಳೂರಿಗೆ ಸೇರಿಸಿದ ಮೂರನೆಯ ದಿನ ಅವಳಿಗೆ ಇನ್ನೂ ಮಾತು ಸರಿಯಿತ್ತು. ನೀವು ಟಿಕೆಟಿಗೆ ಒದ್ದಾಡುತ್ತಿದ್ದ ದಿನ ಅದು. ಕಣ್ಣು ಹಳದಿಯಾಗಿತ್ತು, ಅವಳಿಗೆ ಮಾತ್ರ ತಟ್ಟೆಗಳದ್ದೇ ಚಿಂತೆ. ಪ್ಲೇಟ್ ಎನ್ನುತ್ತಾರಲ್ಲ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಕಡಲಪಾಚಿಯ ಜೆಲ್ಲಿ, ಮೇಲೆ ಯೀಸ್ಟು ಚುಕ್ಕಿ ಚುಕ್ಕಿಯಾಗಿ ಬೆಳೆಯುತ್ತದೆ. "ಡೀಪ್ ಫ್ರೀಜರಿನಲ್ಲಿ ಉಂಟು, ಆದರೆ ನನಗೆ ಆ ಫ್ರೀಜರಿನ ಮೇಲೆ ನಂಬಿಕೆ ಇಲ್ಲ. ತಟ್ಟೆಯಲ್ಲೂ ಒಂದು ಜೀವಂತ ಇರ್ಲಿ. ನಾನು ಬರುವವರೆಗೆ ನೀನು ನೋಡಿಕೊಳ್ಳು." ಬೇಯಿಸಿದ ಹಲ್ಲುಕಡ್ಡಿಯಿಂದ ಒಂಟಿಯಾಗಿ ನಿಂತ ಒಂದು ಚುಕ್ಕಿಯನ್ನು ಮುಟ್ಟಿ ಹೊಸ ತಟ್ಟೆಯ ಮೇಲೆ ಗೀರಬೇಕು, ಮೂರು ದಿನ ಮೂವತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ ಇಡಬೇಕು, ಆಮೇಲೆ ಫ್ರಿಜ್ಜಿನಲ್ಲಿ. ತಿಂಗಳಿಗೊಮ್ಮೆ ಸಾಕು ಎಂದಳು. ಇನ್ನೂ ಏನೇನೋ ಹೇಳಿದಳು. ಮರುದಿನದಿಂದ ಅವಳ ಮಾತು ತೊದಲಿತು, ಆ ಮೇಲಿನದ್ದು ನೀವು ಬಂದು ನೋಡಿದ್ದೀರಿ.

ಫ್ರೀಜರಿನ ವಿಷಯ ಅವಳೆಂದ ಹಾಗೆಯೇ ಆಯಿತು. ಆಗಸ್ಟಿನಲ್ಲಿ ಮಳೆಗೆ ಶಾಲೆ ಕಾಲೇಜಿಗೆ ಮೂರು ದಿನ ರಜೆ ಕೊಟ್ಟಿದ್ದರು. ಕರೆಂಟು ಹೋಗಿ ಬಂದು ಅದರ ಕಂಪ್ರೆಸರ್ ಸುಟ್ಟುಹೋಯಿತು. ಬಾಗಿಲು ತೆರೆದಾಗ ಒಳಗೆ ಬೆಚ್ಚಗಿತ್ತು. ಸ್ವರ್ಣಲತಾ ಮೇಡಂ ನೆಲದ ಮೇಲೆಯೇ ಕೂತುಬಿಟ್ಟರು. ಆಗ ನಾನು ನನ್ನ ತಟ್ಟೆಯನ್ನು ಫ್ರಿಜ್ಜಿನಿಂದ ತಂದು ತೋರಿಸಿದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ರಾಜೀವಿ, ನೀನು ಇದ್ದದ್ದಕ್ಕೆ ಉಳಿಯಿತು" ಎಂದರು. ಅಂದಿನಿಂದ ಭೂಮಿಯ ಮೇಲೆ ಅದು ಇದ್ದದ್ದು ನನ್ನ ಹತ್ತಿರ ಮಾತ್ರ. ಹೊಸ ಫ್ರೀಜರಿಗೆ ಅರ್ಜಿ ಹೋಗಿದೆ, ಇನ್ನೂ ಬಂದಿಲ್ಲ. ಮೋಕ್ಷಿ ಎಲ್ಲ ಹೇಳಿಕೊಟ್ಟೇ ಹೋಗಿರುತ್ತಾಳೆಂದು ಮೇಡಂ ನನ್ನನ್ನು ಏನೂ ಕೇಳಲಿಲ್ಲ.

ತಿಂಗಳಿಗೊಮ್ಮೆ ಎಂದದ್ದನ್ನು ನಾನು ವಾರಕ್ಕೊಮ್ಮೆ ಮಾಡಿದೆ. ಒಂದೇ ತಟ್ಟೆ ಉಳಿದಿದೆ ಎಂದ ಮೇಲೆ ತಿಂಗಳು ಕಾಯಲು ಧೈರ್ಯ ಬರಲಿಲ್ಲ. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಕೈ ತೊಳೆದು, ಸ್ಪಿರಿಟ್ ದೀಪ ಹಚ್ಚಿ ಕೂರುತ್ತಿದ್ದೆ. ವಾರದಲ್ಲಿ ಆ ಒಂದು ಗಂಟೆಗೆ ನಾನು ಕಾಯುತ್ತಿದ್ದೆ. ಪ್ರತಿ ಶನಿವಾರ ಡೈರಿಯಲ್ಲಿ ಒಂದು ಸಾಲು. ಮೊದಮೊದಲು ಚುಕ್ಕಿಗಳು ಗಸಗಸೆಗಿಂತಲೂ ಸಣ್ಣಗಿದ್ದವು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು. ಆದರೆ ಯಾವುದೇ ತಟ್ಟೆಯಲ್ಲಿ ಎಲ್ಲವೂ ಒಂದೇ ಸಮ ಇರುವುದಿಲ್ಲ. ಸಣ್ಣ ನೂರರ ನಡುವೆ ದೊಡ್ಡದೊಂದು ಎದ್ದು ನಿಂತಿರುತ್ತದೆ. ಸೌತೆಯ ಬಳ್ಳಿಯಲ್ಲಿ ಬಿತ್ತಿಗೆ ಬಿಡುವುದು ಯಾವುದನ್ನು? ತುಂಬಿಕೊಂಡ, ನೆಟ್ಟಗಿನ ಕಾಯಿಯನ್ನಲ್ಲವೆ? ಇಪ್ಪತ್ತೆರಡು ವರ್ಷ ಬೀಡಿಯ ಕಟ್ಟಿನಿಂದ ಸಪೂರದ್ದನ್ನು, ಸೊರಗಿದ್ದನ್ನು ಬೆರಳಿನಿಂದಲೇ ಆಚೆ ತಳ್ಳಿದ ಕೈ ಇದು, ಕಣ್ಣು ನೋಡುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ನಾನು ದೊಡ್ಡದನ್ನು ತೆಗೆದೆ. ಮುಂದಿನ ವಾರ ಅದರಲ್ಲಿ ದೊಡ್ಡದನ್ನು. ಅದರ ಮುಂದಿನ ವಾರ ಇನ್ನೂ ದೊಡ್ಡದನ್ನು. ದಸರಾದ ಹೊತ್ತಿಗೆ ರಾಗಿಯಷ್ಟಾದವು. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಹೀಗೆ ಬರೆದಿದ್ದೇನೆ: "ಇವತ್ತು ಸಾಸಿವೆಯಷ್ಟು ಒಂದಿತ್ತು. ಅದನ್ನೇ ತೆಗೆದೆ. ಮನೆಗೆ ಬಂದು ಗಂಜಿ ಕುಡಿದು ಒಳ್ಳೆಯ ನಿದ್ದೆ ಮಾಡಿದೆ." ಅವಳು ಹೋದ ಮೇಲೆ ನಿದ್ದೆಯ ವಿಷಯ ಬರೆದದ್ದು ಅದೇ ಮೊದಲು. ನಿಮಗೂ ಡಿಸೆಂಬರಿನಲ್ಲಿ ಫೋನು ಮಾಡಿ ಹೇಳಿದ್ದೆ, ಮಗಳ ಯೀಸ್ಟು ಚೇತರಿಸಿಕೊಂಡಿದೆ ಎಂದು. ನೀವು ಕೋಣೆಯವರಿಗೆಲ್ಲ ಟೀ ಮಾಡಿ ಕೊಟ್ಟಿರಂತೆ.

ಜನವರಿಯಲ್ಲಿ ಬೆಳ್ತಂಗಡಿಗೆ ಹೋದೆನೆಂದು ಹೇಳಿದ್ದೆನಲ್ಲ, ಯಾಕೆಂದು ಸರಿಯಾಗಿ ಹೇಳಿರಲಿಲ್ಲ. ತೀರಿಹೋದವರ ಡಿಗ್ರಿಯನ್ನು ತೆಗೆದುಕೊಳ್ಳಲು ವಂಶವೃಕ್ಷದ ಪತ್ರ ಬೇಕೆಂದು ಯೂನಿವರ್ಸಿಟಿಯವರು ಕೇಳಿದ್ದರು, ನಮ್ಮ ರೇಷನ್ ಕಾರ್ಡು ಇನ್ನೂ ಕಕ್ಕಿಂಜೆಯಲ್ಲಿ ಇದೆಯಲ್ಲ. ಅಲ್ಲಿಯ ತಾಲೂಕು ಕಚೇರಿಯ ಗುಮಾಸ್ತರಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. "ಜಾಗ ಉಂಟಾ? ಇಲ್ಲ. ಬ್ಯಾಂಕಿನಲ್ಲಿ ಉಂಟಾ? ಇಲ್ಲ. ಮತ್ತೆ ಎಂಥದ್ದಕ್ಕೆ ವಾರಸುದಾರರು ನೀವು?" ಎಂದರು. ಡಾಕ್ಟರ್ ಎಂಬುದಕ್ಕೆ ಎಂದೆ. ಅವರು ಕನ್ನಡಕ ತೆಗೆದು ನೋಡಿ, "ಯಮ್ಮಾ, ಡಾಕ್ಟರಿಕೆ ತಂದೆ ತಾಯಿಗೆ ಬರೂದಿಲ್ಲ ಮಾರಾಯ್ತಿ, ಬರೂದಾದರೆ ನಾನೇ ನನ್ನ ಮಗನಿಂದ ತೆಗೆದುಕೊಳ್ತಿದ್ದೆ" ಎಂದರು. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಕಡೆಗೆ ಪತ್ರ ಕೊಟ್ಟರು. ಅದರಲ್ಲಿ ನಿಮ್ಮ ಹೆಸರು, ನನ್ನ ಹೆಸರು, ಕೆಳಗೆ ಒಂದೇ ಗೆರೆ, ಅವಳ ಹೆಸರು, ಆವರಣದಲ್ಲಿ ಮೃತ ಎಂದು. ಗೆರೆ ಅಲ್ಲಿಗೆ ನಿಲ್ಲುತ್ತದೆ. ಬಸ್ಸಿನಲ್ಲಿ ಅದನ್ನು ನೋಡುತ್ತಾ ಬಂದೆ. ಆ ದಿನವೂ ನನಗೆ ಬೇಸರವಾಗಲಿಲ್ಲ, ಮುಂದೆ ಏಪ್ರಿಲ್ ಇತ್ತು.

ಪ್ರಯೋಗವನ್ನು ಇನ್ನೊಮ್ಮೆ ಮಾಡಲು ಶೋಧನ್ ಒಪ್ಪಿಕೊಂಡ. ಅವಳಿಗಿಂತ ಒಂದು ವರ್ಷ ಮೊದಲು ಮುಗಿಸಿ ಈಗ ಬೈಕಂಪಾಡಿಯ ಔಷಧಿ ಕಂಪೆನಿಯಲ್ಲಿ ಇರುವ ಹುಡುಗ, ಬೊಜ್ಜಕ್ಕೆ ಬಾಳೆಎಲೆ ತಂದುಕೊಟ್ಟವನು. ವಾರದ ರಜೆಯನ್ನೆಲ್ಲ ಇದಕ್ಕೇ ಇಟ್ಟ. ಮೋಕ್ಷಿಯ ಯೀಸ್ಟಿನ ಗುರುತೇ ಒಂದು: ಮೂವತ್ತೇಳು ಡಿಗ್ರಿಯ ಸೆಕೆಗೆ ಇಟ್ಟರೆ ಅದು ಬೆಳೆಯಬಾರದು. ಹಲ್ಲು ಕಿತ್ತ ಮೇಸ್ತ್ರಿಗೆ ಆ ಸೆಕೆ ತಡೆಯುವುದಿಲ್ಲ. ಜನವರಿ ಎರಡನೆಯ ಆದಿತ್ಯವಾರ ಅವನು ಪೆಟ್ಟಿಗೆ ತೆರೆದು ತಟ್ಟೆ ತೆಗೆದಾಗ ನಾನು ಚಾ ತೆಗೆದುಕೊಂಡು ಹೋಗಿದ್ದೆ. ತಟ್ಟೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಬೆಳೆದಿತ್ತು. "ಎಲ್ಲ ಬಂದಿದೆ ಅಲ್ವಾ ಶೋಧನ್" ಎಂದೆ, ನನಗೆ ಖುಷಿ. ಅವನು ತಟ್ಟೆಯ ಹಿಂದೆ ಬರೆದ ಹೆಸರನ್ನು ಎರಡು ಸಲ ಓದಿದ. "ತಟ್ಟೆ ಅದಲುಬದಲು ಆಗಿರ್ಬೇಕು ರಾಜೀವಕ್ಕ" ಎಂದು ಚಾ ಹಾಗೇ ಬಿಟ್ಟ. ಮತ್ತೆ ಮಾಡಿದ. ಮತ್ತೆಯೂ ಬೆಳೆಯಿತು. ಮೂರನೆಯ ಸಲವೂ ಬೆಳೆದ ಮೇಲೆ ನೂಲಿನ ಅಕ್ಷರ ಓದಿಸಲು ಬೆಂಗಳೂರಿಗೆ ಕಳಿಸಿದ.

ಅದರ ವರದಿ ಮೊನ್ನೆ ಗುರುವಾರ ಬಂತು. ಶೋಧನ್ ರಜೆ ಹಾಕಿ ಬಂದಿದ್ದ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ವಾರ ವಾರ ಏನು ಮಾಡಿದಿರಿ ಹೇಳಿ ಎಂದ. ಬಾಯಲ್ಲಿ ಹೇಳುವುದಕ್ಕಿಂತ ಎಂದು ಡೈರಿ ಕೊಟ್ಟೆ. ಅವನು ಕಿಟಕಿಯ ಹತ್ತಿರ ನಿಂತು ಶನಿವಾರಗಳನ್ನು ಮಾತ್ರ ಓದುತ್ತಾ ಹೋದ. ಗಸಗಸೆಯಷ್ಟು. ಗಸಗಸೆಯಷ್ಟು. ರಾಗಿಗಿಂತ ಸ್ವಲ್ಪ ಸಣ್ಣ. ರಾಗಿಯಷ್ಟು. ಸಾಸಿವೆಯಷ್ಟು, ಖುಷಿಯಾಯಿತು. ಮೊದಲು ಗಟ್ಟಿಯಾಗಿ ಓದುತ್ತಿದ್ದವನು ನಡುವೆ ಎಲ್ಲೋ ಧ್ವನಿ ನಿಲ್ಲಿಸಿ ಕಣ್ಣಿನಲ್ಲೇ ಓದಿದ. ಆಮೇಲೆ ನನ್ನ ಎದುರು ಬಂದು ಕುಕ್ಕರುಗಾಲಿನಲ್ಲಿ ಕೂತ. "ರಾಜೀವಕ್ಕ, ಅವಳು ಮಾಡಿದ ತಪ್ಪು ಒಳಗೆ ಹಾಗೆಯೇ ಉಂಟು. ಆದರೆ ಅದು ಬದುಕಲಿಕ್ಕೋಸ್ಕರ ಬೇರೆಲ್ಲೋ ಇನ್ನೊಂದು ತಪ್ಪು ಮಾಡಿಕೊಂಡು ಇದನ್ನು ಮುಚ್ಚಿ ಹಾಕಿದೆ. ಹಾಗೆ ಮಾಡಿಕೊಂಡದ್ದು ಮಾತ್ರ ದೊಡ್ಡ ಆಗ್ತದೆ. ನೀವು ಅದನ್ನೇ ಆರಿಸ್ತಾ ಬಂದ್ರಿ." ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅಂದರೆ ನಾನು ಮಗಳ ಯೀಸ್ಟನ್ನು ಉಳಿಸಿದ್ದಲ್ಲ. ವಾರ ವಾರ ಕೂತು ಅದನ್ನು ಒಂದೊಂದಾಗಿ ಹೊರಗೆ ಹಾಕಿದೆ. ಕಾಯಿಲೆಯೇ ಅದರ ಬೆಲೆಯಾಗಿತ್ತು. ಐದು ವರ್ಷ ಕೂತು ಅವಳು ಅದನ್ನು ದುರ್ಬಲ ಮಾಡಿದ್ದಳು, ನಾನು ಗುಣ ಮಾಡಿಬಿಟ್ಟೆ. ಈಗ ಅದು ಊರಿನ ಯಾವುದೇ ಬೇಕರಿಯಲ್ಲಿ ಸಿಗುವ ಯೀಸ್ಟಿನ ಹಾಗೆ ಬೆಳೆಯುತ್ತದೆ.

ದಾರಿ ಇಲ್ಲವೇ ಎಂದು ನೀವು ಕೇಳುತ್ತೀರಿ, ನಾನೂ ಕೇಳಿದೆ. ಹಲ್ಲು ಕೀಳದ ಮೂಲ ಯೀಸ್ಟಿನೊಂದಿಗೆ ಕೂಡಿಸಿ, ಮರಿಗಳನ್ನು ಸೂಜಿಯಿಂದ ಬೇರೆ ಮಾಡಿ, ಒಂದು ತಪ್ಪನ್ನು ಇನ್ನೊಂದರಿಂದ ಬಿಡಿಸಬಹುದಂತೆ. ಆ ಸೂಜಿಯ ಯಂತ್ರ ನಮ್ಮಲ್ಲಿಲ್ಲ, ಸೇರಿಕೊಂಡ ಹೊಸ ತಪ್ಪು ಒಂದೋ ಮೂರೋ ತಿಳಿಯದು. ಮೊದಲಿನಿಂದ ಮಾಡಿದರೆ ಒಂದೂವರೆ ವರ್ಷ. ಪತ್ರಿಕೆಯವರು ಈಗಾಗಲೇ ಎರಡು ಸಲ ದಿನ ಮುಂದೆ ಹಾಕಿದ್ದಾರೆ, ಇನ್ನು ಇಲ್ಲ ಎಂದು ಬರೆದಿದ್ದಾರೆ. ಮೇಡಂ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಅವರು ಇಳಿದ ಮೇಲೆ ಮೋಕ್ಷಿಯ ಹೆಸರಿನ ಫೈಲಿಗೆ ಗೈಡ್ ಇಲ್ಲ. "ಬೇರೆ ಕಾಲದಲ್ಲಾದರೆ, ಹೇಗೆ ಗುಣವಾಯಿತು ಎಂಬುದೇ ಒಂದು ಹೊಸ ಪಿಎಚ್.ಡಿ. ರಾಜೀವಿ. ಮಾಡುವವರು ಬೇಕಲ್ಲ" ಎಂದರು. ಹೇಳಿದ ಮೇಲೆ ತಾವೇ ಕನ್ನಡಕ ಒರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಇದು ನಿನ್ನ ತಪ್ಪಲ್ಲ. ಅವಳಿಗೆ ಹೇಳಿಕೊಡಲು ಸಮಯ ಸಿಗಲಿಲ್ಲ, ನಾನು ಕೇಳಿ ತಿಳಿಯಬೇಕಿತ್ತು. ಯೂನಿವರ್ಸಿಟಿಗೆ ನನ್ನದೇ ಬೇಜವಾಬ್ದಾರಿ ಎಂದು ಬರೆದಿದ್ದೇನೆ" ಎಂದರು. ಮೂವತ್ತನಾಲ್ಕು ವರ್ಷ ಪಾಠ ಮಾಡಿದವರು, ಇನ್ನು ಮೂರು ತಿಂಗಳಲ್ಲಿ ಹೋಗುವವರು, ಹಾಗೆ ಬರೆದು ಸಹಿ ಹಾಕಿದ್ದಾರೆ. ನಾನು ಎದ್ದು ಗ್ಲಾಸು ತೊಳೆಯಲು ಹೋದೆ.

ನಾಳೆ ಸೋಮವಾರ ಆ ತಟ್ಟೆಗಳನ್ನೆಲ್ಲ ಹಬೆಯ ಪಾತ್ರೆಗೆ ಹಾಕಬೇಕು. ಕೆಲಸ ಮುಗಿದ ಯೀಸ್ಟನ್ನು ಹಾಗೇ ಬಿಸಾಡುವಂತಿಲ್ಲ, ಬೇಯಿಸಿ ಕೊಂದೇ ಬಿಸಾಡಬೇಕು. ಅದು ಅಟೆಂಡರ ಕೆಲಸ. ಒಂದನ್ನು ಇಟ್ಟುಕೊಳ್ಳಬೇಕಾದರೆ ಇಟ್ಟುಕೊಳ್ಳಿ ಎಂದು ಶೋಧನ್ ಹೇಳಿದ. ಇಟ್ಟುಕೊಂಡು ಏನು ಮಾಡುವುದು? ಅವಳದ್ದು ಅದರಲ್ಲಿಲ್ಲ. ನಿಮ್ಮ ಅಕ್ಕನಿಗೆ ಮಾತ್ರ ಏನು ಹೇಳುವುದೋ ನನಗೆ ತಿಳಿಯುವುದಿಲ್ಲ. ನೆರಿಯದ ಆ ಮನೆಯವರು ಹುಡುಗನಿಗೆ ಬೇರೆ ಕಡೆ ನೋಡಿದ್ದಾರಂತೆ. ಅದೂ ಹೋಯಿತು ಎಂದು ಲೆಕ್ಕ.

ರವೂಫರನ್ನು ಕಂಡಾಗ ಒಂದು ಹೊತ್ತು ಊಟಕ್ಕೆ ಕರೆಯಿರಿ. ಕೋಣೆಯವರಿಗೆಲ್ಲ ನನ್ನ ನೆನಪುಗಳು. ಅವರು ಘಟಿಕೋತ್ಸವ ಯಾವಾಗ ಎಂದು ಕೇಳಿದರೆ ಮುಂದೆ ಹೋಗಿದೆ ಎನ್ನಿ, ನಾಲ್ಕು ಸಲ ಹಾಗೆಂದರೆ ಐದನೆಯ ಸಲ ಕೇಳುವುದಿಲ್ಲ. ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿ. ಎದೆ ಜೋಪಾನ.

ನಿಮ್ಮ ಮನೆಯವಳು
ರಾಜೀವಿ

ಮತ್ತೊಂದು ಮಾತು. ಶಹರ್ಬಾನು ಬಂದು ಹೊರಗೆ ಕೂತಿದ್ದಾರೆ, ಬೇಗ ಬರೆಯುತ್ತೇನೆ. ಹೇಳಿಕೊಡಲು ಸಮಯ ಸಿಗಲಿಲ್ಲ ಎಂದು ಮೇಡಂ ಹೇಳಿದ್ದು ಸರಿಯಲ್ಲ. ಅವಳು ಹೇಳಿದ್ದಳು. ಆಸ್ಪತ್ರೆಯಲ್ಲಿ, ಎರಡು ಸಲ. "ಅಮ್ಮಾ, ಸಣ್ಣದನ್ನೇ ತೆಗಿ. ದೊಡ್ಡದು ಕಂಡ್ರೆ ಅದು ನನ್ನದಲ್ಲ." ನಾನು ಅದನ್ನು ಅಂದೇ ಡೈರಿಯಲ್ಲಿ ಬರೆದುಕೊಂಡಿದ್ದೆ. ಮೊದಲ ಐದು ವಾರ ಹಾಗೆಯೇ ಮಾಡಿದೆ. ಆಮೇಲೆ ಆಗಲಿಲ್ಲ. ಸೊರಗಿದ್ದನ್ನೇ ಹುಡುಕಿ ಹುಡುಕಿ ಮುಂದಿನ ವಾರಕ್ಕೆ ದಾಟಿಸುವುದು ನನ್ನಿಂದ ಆಗಲಿಲ್ಲ. ಸೌತೆ, ಬೀಡಿ ಎಂದು ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಗೊತ್ತಿದ್ದೇ ತೆಗೆದೆ. ಒಂದಾದರೂ ಗುಣವಾಗಲಿ ಎಂದು ತೆಗೆದೆ. ಶೋಧನ್‌ಗೆ ಡೈರಿ ಕೊಡುವ ಮೊದಲು ಆ ಹಾಳೆಯನ್ನು ಕಿತ್ತೆ, ಅದನ್ನು ಇದರೊಳಗೆ ಮಡಚಿ ಇಟ್ಟಿದ್ದೇನೆ. ಮೇಡಂ ಬರೆದ ಪತ್ರ ಇನ್ನೂ ಆಫೀಸಿನಲ್ಲೇ ಇದೆ, ನಾಳೆ ಹನ್ನೊಂದಕ್ಕೆ ಹೋಗುತ್ತದೆ. ಅಷ್ಟರೊಳಗೆ ಅವರಿಗೆ ಹೇಳಬೇಕು. ಹೇಳುತ್ತೇನೆಂದು ನನಗೆ ನಂಬಿಕೆ ಇಲ್ಲ. ಈ ಕಾಗದ ನಿಮ್ಮ ಕೈಗೆ ಬರುವುದರೊಳಗೆ ಅದು ಒಂದಲ್ಲ ಒಂದು ರೀತಿ ಮುಗಿದಿರುತ್ತದೆ. ಟಿಕೆಟ್ ಮಾಡಬೇಡಿ.